ಈಜು ಮರೆಯಲ್ಲ, ಆದರೆ ಉಸಿರು?

ಈಜು ಒಮ್ಮೆ ಕಲಿತರೆ ಮರೆಯಲ್ಲ ಅಂತಾರೆ. ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಊರ ಬಾವಿಗೆ ಹಾರಿ ಕಲಿತವರನ್ನು ಕೇಳಿ ನೋಡಿ. ಅರವತ್ತು ದಾಟಿದ್ದರೂ "ಈಗಲೂ ಹಾರ್ತೀನಿ" ಅಂತಾರೆ. ಮಾತು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಮುಳುಗದೆ ಇರೋದು ಮರೆಯಲ್ಲ ನಿಜ. ನಿಲ್ಲದೆ ಸುಮಾರು ಎರಡು ಕಿಲೋಮೀಟರ್ ಈಜಿ, ದಡಕ್ಕೆ ಬಂದು ಸೈಕಲ್ ಹತ್ತೋದಿದೆಯಲ್ಲ, ಅದು ಬೇರೆಯೇ ಲೆಕ್ಕ.

ಟ್ರಯಾಥ್ಲಾನ್ ಅಂದರೆ ಅದೇ. ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. 1978ರಲ್ಲಿ ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ನಡೆದಾಗ ಹೊರಟವರು 15 ಜನ, ಗುರಿ ಮುಟ್ಟಿದವರು 12. ಈಗ ಅದರ ಅರ್ಧ ದೂರದ ಸ್ಪರ್ಧೆ ನಮ್ಮ ಪಕ್ಕದ ಗೋವಾದಲ್ಲೇ ನಡೆಯುತ್ತೆ. 1.9 ಕಿಲೋಮೀಟರ್ ಸಮುದ್ರದ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು ಪೂರ್ತಿ ಮಾಡಿದಾಗ ದೊಡ್ಡ ಸುದ್ದಿಯಾಯಿತು.

ಈಗ ಒಬ್ಬರನ್ನು ಕಲ್ಪಿಸಿಕೊಳ್ಳಿ. ವಯಸ್ಸು ನಲವತ್ತಮೂರು. ಆಫೀಸು, ಟ್ರಾಫಿಕ್, ಮಕ್ಕಳ ಪರೀಕ್ಷೆ ಅಂತ ಒಂದೂವರೆ ವರ್ಷ ಈಜುಕೊಳದ ಕಡೆ ತಲೆ ಹಾಕಿಲ್ಲ. ಬೆಳಗಿನ ಓಟ ಮಾತ್ರ ಬಿಟ್ಟಿಲ್ಲ. ಹತ್ತು ಕಿಲೋಮೀಟರ್ ಲೀಲಾಜಾಲವಾಗಿ ಓಡ್ತಾರೆ. ಕೊಳಕ್ಕೆ ಇಳಿದರು ನೋಡಿ, 50 ಮೀಟರ್‌ಗೇ ಏದುಸಿರು! ಪಕ್ಕದ ಲೇನ್‌ನಲ್ಲಿ ಹತ್ತು ವರ್ಷದ ಹುಡುಗಿ ಮೀನಿನ ಹಾಗೆ ಹೋಗ್ತಿದ್ದಾಳೆ. ಯಾಕೆ ಹೀಗೆ?

ಉತ್ತರ ಸರಳ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗ ಎರಡು ಪಟ್ಟು ಮಾಡಲು ಹೋದರೆ ನೀರಿನ ತಡೆ ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತೆ. ಅಂದರೆ ನೀರಿನ ಜೊತೆ ಜಗಳ ಆಡಿ ಗೆಲ್ಲೋಕೆ ಆಗಲ್ಲ. ಗಾಬರಿಯಲ್ಲಿ ತಲೆ ಎತ್ತಿದರೆ ಕಾಲು ಮುಳುಗುತ್ತೆ. ಕಾಲು ಮುಳುಗಿದರೆ ತಡೆ ಹೆಚ್ಚುತ್ತೆ. ಆಗ ಜೋರಾಗಿ ಕಾಲು ಬಡಿಯುತ್ತೇವೆ, ಉಸಿರು ಖಾಲಿ. ಓಟದಲ್ಲಿ ಬೇಕಾದಾಗ ಉಸಿರಾಡಬಹುದು. ಇಲ್ಲಿ ಕೈಯ ಲಯಕ್ಕೆ ಸರಿಯಾಗಿ ಮಾತ್ರ. ನೀರೊಳಗೆ ಉಸಿರು ಪೂರ್ತಿ ಬಿಡದಿದ್ದರೆ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದು ಉಸಿರು ಕಟ್ಟಿದಂತಾಗುತ್ತೆ.

ಹಾಗಾದ್ರೆ ಏನ್ಮಾಡ್ಬೇಕು? ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಅದೇ ಇಲ್ಲಿ ಮೊದಲ ಪಾಠ. ಹಳೆಯ ದೂರವನ್ನು ಮೊದಲ ದಿನವೇ ಈಜೋಕೆ ಹೋಗಬೇಡಿ. ಹೃದಯ ಓಟದಿಂದ ಗಟ್ಟಿಯಾಗಿರಬಹುದು, ಭುಜಕ್ಕೆ ಅದು ಗೊತ್ತಿಲ್ಲ. ವಾರಕ್ಕೆ ಎರಡು ಮೂರು ದಿನ ಸಾಕು. 25 ಅಥವಾ 50 ಮೀಟರ್ ಈಜಿ, ಸ್ವಲ್ಪ ನಿಂತು, ಮತ್ತೆ ಈಜಿ. ದಣಿವಿನಲ್ಲಿ ಶೈಲಿ ಕೆಟ್ಟ ಮೇಲೂ ಮುಂದುವರಿಸಿದರೆ ತಪ್ಪೇ ಅಭ್ಯಾಸವಾಗುತ್ತೆ.

ಕೆಲವು ವಾರ ಕಳೆದ ಮೇಲೆ ಒಂದು ಲೆಕ್ಕ ಹಾಕಿ. 400 ಮೀಟರ್ ಈಜಿ ಸಮಯ ಬರೆದಿಡಿ. ಚೆನ್ನಾಗಿ ಸುಧಾರಿಸಿಕೊಂಡು 200 ಮೀಟರ್ ಈಜಿ. ಮೊದಲನೆಯದು 10 ನಿಮಿಷ, ಎರಡನೆಯದು 4 ನಿಮಿಷ 40 ಸೆಕೆಂಡ್ ಅಂದುಕೊಳ್ಳಿ. ವ್ಯತ್ಯಾಸ 5 ನಿಮಿಷ 20 ಸೆಕೆಂಡ್. ಅದರ ಅರ್ಧ, ಅಂದರೆ 100 ಮೀಟರ್‌ಗೆ 2 ನಿಮಿಷ 40 ಸೆಕೆಂಡ್. ಹೆಚ್ಚು ಹೊತ್ತು ತಾಳಿಕೊಳ್ಳಬಲ್ಲ ನಿಮ್ಮ ವೇಗ ಸುಮಾರಾಗಿ ಇದು. ಇದೇ ವೇಗದಲ್ಲಿ 1.9 ಕಿಲೋಮೀಟರ್‌ಗೆ 51 ನಿಮಿಷವೂ ಬೇಡ.

ಇಷ್ಟೇ ಆಗಿದ್ದರೆ ಇದು ಬರೀ ಕ್ರೀಡೆಯ ಪಾಠ. ಆದರೆ ವಿಷಯ ಜೀವದ್ದು. ಅಮೆರಿಕದಲ್ಲಿ 1985ರಿಂದ 2016ರವರೆಗೆ ಟ್ರಯಾಥ್ಲಾನ್ ಸ್ಪರ್ಧೆಗಳಲ್ಲಿ ಆದ ಸಾವು ಮತ್ತು ಹೃದಯಸ್ತಂಭನದ 135 ಪ್ರಕರಣಗಳನ್ನು ಸಂಶೋಧಕರು ಪರಿಶೀಲಿಸಿದರು. ಅದರಲ್ಲಿ 90 ಪ್ರಕರಣ ನಡೆದದ್ದು ಈಜಿನಲ್ಲಿ! ಓಟದಲ್ಲಿ ಎದೆ ಹಿಡಿದಂತಾದರೆ ರಸ್ತೆ ಪಕ್ಕ ಕೂರಬಹುದು. ಸಮುದ್ರದ ನಡುವೆ ಎಲ್ಲಿ ಕೂರ್ತೀರಿ? ಅಲ್ಲಿ ಹಿಡಿದುಕೊಳ್ಳಲು ಕೊಳದ ಗೋಡೆ ಇಲ್ಲ, ತಳದಲ್ಲಿ ದಾರಿ ತೋರಿಸುವ ಗೆರೆಯೂ ಇಲ್ಲ.

ಅದಕ್ಕೇ ಹೇಳ್ತಿರೋದು. ನಲವತ್ತು ದಾಟಿದವರು, ಮನೆತನದಲ್ಲಿ ಹೃದಯದ ಕಾಯಿಲೆ ಇರೋರು, ಮೊದಲು ವೈದ್ಯರ ಹತ್ತಿರ ಹೋಗಿ. ಎದೆ ಬಿಗಿತ, ತಲೆಸುತ್ತು ಬಂದರೆ "ಇನ್ನೊಂದೇ ಲ್ಯಾಪ್" ಅನ್ನಬೇಡಿ, ಮೇಲೆ ಬನ್ನಿ. ಜೀವರಕ್ಷಕರಿಲ್ಲದ ಕೊಳದಲ್ಲಿ ಒಬ್ಬರೇ ಇಳಿಯಬೇಡಿ. ನೀರೊಳಗೆ ಉಸಿರು ಹಿಡಿಯೋ ಪಂದ್ಯ ಕಟ್ಟಲೇಬೇಡಿ, ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪಬಹುದು.

ಈಜುಕೊಳಕ್ಕೆ ವಾಪಸ್ ಹೋಗೋದು ಒಳ್ಳೆಯ ನಿರ್ಧಾರ. ಪಕ್ಕದ ಲೇನ್‌ನ ಆ ಹುಡುಗಿ ಮುಂದೆ ಹೋದರೆ ಹೋಗಲಿ ಬಿಡಿ. ಪದಕಕ್ಕೆ ಮುಂದಿನ ವರ್ಷವೂ ಸ್ಪರ್ಧೆ ಇರುತ್ತೆ. ಮನೆಯಲ್ಲಿ ತಿಂಡಿಗೆ ಕಾಯ್ತಿರೋರಿಗೆ ಇರೋದು ನೀವೊಬ್ಬರೇ.