ತೋಟದ ಮನೆಗೆ ಎಂಥ ನಾಯಿ?

ಕಳೆದ ವರ್ಷ ಬನದ ಹುಣ್ಣಿಮೆಯ ಜಾತ್ರೆಗೆಂದು ನಾವು ನಾಲ್ಕಾರು ಮಂದಿ ಬೆಳೆಗಾರರು ಬಾದಾಮಿ ತಾಲ್ಲೂಕಿನ ಚೊಳಚಗುಡ್ಡಕ್ಕೆ ಹೋಗಿದ್ದೆವು. ಬನಶಂಕರಿಯ ದರ್ಶನವಾಯಿತು, ರಾತ್ರಿ ಕಂಪನಿ ನಾಟಕವಾಯಿತು. ಮರುದಿನ ಬಾಗಿಲು ಚೌಕಟ್ಟುಗಳ ಅಂಗಡಿಗಳನ್ನು ನೋಡಿಕೊಂಡು ದನದ ಸಂತೆಯ ಕಡೆಗೆ ಹೊರಟೆವು. ಗುಡಿಯ ಸುತ್ತಿನ ತೆಂಗು, ಬಾಳೆ, ಎಲೆಬಳ್ಳಿಯ ತೋಟಗಳನ್ನು ಕಂಡು ಮನೆಯ ನೆನಪಾಯಿತಾದರೂ ಅವುಗಳಾಚೆಗೆ ಬರೀ ಬಯಲು. ಆ ಬಯಲಿನಲ್ಲಿ ಕುರಿಗಾರರೊಬ್ಬರ ಬಳಿ ನಿಂತಿದ್ದ ನಾಯಿಯನ್ನು ಕಂಡು ನಮ್ಮಲ್ಲೊಬ್ಬರು ಅಲ್ಲಿಂದ ಕದಲಲೇ ಇಲ್ಲ. ಉದ್ದ ಮುಖ, ಬಳುಕುವ ಸೊಂಟ, ಚಾಟಿಯಂಥ ಬಾಲ. ಅದು ಮುಧೋಳದ ನಾಯಿ.

ನಮ್ಮ ಮಿತ್ರರ ಆತುರಕ್ಕೆ ಕಾರಣವಿತ್ತು. ಹಿಂದಿನ ಮಳೆಗಾಲದಲ್ಲಿ ಅವರ ನಾಯಿಯನ್ನು ಚಿರತೆ ಜಗಲಿಯಿಂದಲೇ ಹೊತ್ತೊಯ್ದಿತ್ತು. ಕಣದಲ್ಲಿ ಒಣಗಲು ಹರವಿದ್ದ ಕಾಫಿ ಎರಡು ಸಲ ಕಳುವಾಗಿತ್ತು. ಮನೆಯಲ್ಲಿ ವಯಸ್ಸಾದ ತಾಯಿ, ಇಬ್ಬರು ಸಣ್ಣ ಮಕ್ಕಳು. ಮರಿ ಸಿಗಬಹುದೇ ಎಂದು ಕೇಳಿದಾಗ ಕುರಿಗಾರರು ಹೇಳಿದ್ದು ಇಷ್ಟು: "ಕೊಡಾಕ ನನಗೇನೂ ಅಡ್ಡಿ ಇಲ್ರಿ ಯಜಮಾನ್ರ. ಆದ್ರ ನಿಮ್ಮ ಕಡಿ ಮಳಿ ಭಾಳ ಅಂತೀರಿ, ಹಗಲೆಲ್ಲ ಕಟ್ಟಿ ಹಾಕ್ತೀವಿ ಅಂತೀರಿ. ಇದು ಓಡಾಕ ಹುಟ್ಟಿದ್ದು. ಕಟ್ಟಿದ್ರ ಕೆಡತೈತ್ರಿ."

ಮಾರುವವರೇ ಹೀಗೆ ಹೇಳುವುದು ಅಪರೂಪ. ಮುಧೋಳದ ನಾಯಿ ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಬೆನ್ನಟ್ಟುವ ಜಾತಿ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿದರೆಂಬುದೂ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರೆಂಬುದೂ ಪ್ರಸಿದ್ಧ ಸಂಗತಿ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. 2016ರಲ್ಲಿ ಸೈನ್ಯದವರು ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಒಯ್ದರು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದ್ದು, ಶುದ್ಧ ತಳಿ ಬೇಕೆನ್ನುವವರು ಅಲ್ಲಿಯೇ ವಿಚಾರಿಸುವುದು ಲೇಸು. ಇಷ್ಟೆಲ್ಲ ಹೆಸರಿರುವ ನಾಯಿಯೆಂದ ಮಾತ್ರಕ್ಕೆ ನಮ್ಮ ಮನೆಗೂ ಹೊಂದುತ್ತದೆ ಎನ್ನಲಾಗದು. ಆ ಸೀಮೆಯ ಮಳೆ ವರ್ಷಕ್ಕೆ 25 ಇಂಚಿನ ಆಸುಪಾಸು. ನಮ್ಮಲ್ಲಿ 100 ಇಂಚು ದಾಟುವ ಊರುಗಳೇ ಹಲವು. ತೆಳು ಚರ್ಮ, ಗಿಡ್ಡ ಕೂದಲಿನ ಈ ನಾಯಿಗೆ ಆಷಾಢದ ಥಂಡಿ ಕಷ್ಟ. ಎದುರಿಗೆ ಓಡುವುದೇನು ಕಂಡರೂ ಅಟ್ಟಿಕೊಂಡು ಹೋಗುವುದು ಇದರ ಹುಟ್ಟುಗುಣ. ನೆರೆಮನೆಯ ಕೋಳಿಗೂ ಕಾಡುಮೊಲಕ್ಕೂ ಅದು ಭೇದ ಮಾಡದು. ಕಾಡುಪ್ರಾಣಿಗಳ ಮೇಲೆ ನಾಯಿ ಛೂ ಬಿಡುವುದು 1972ರ ಕಾಯಿದೆಯಂತೆ ಅಪರಾಧವೆಂಬುದನ್ನೂ ಸದಸ್ಯರು ಗಮನಿಸಬೇಕು.

ಹಾಗಾದರೆ ಉದ್ದ ಕೂದಲಿನದು ತರೋಣವೇ? ಆ ಪ್ರಯೋಗ ನಾವೇ ಮಾಡಿ ಕೈಸುಟ್ಟುಕೊಂಡವರು. ಪೇಟೆಯಿಂದ ಅಲ್ಸೇಷಿಯನ್ ಮರಿ ತಂದೆವು; ಕಾಗದಪತ್ರವೆಲ್ಲ ಇತ್ತು, ತಾಯಿಯನ್ನು ಮಾತ್ರ ನಾವು ನೋಡಿರಲಿಲ್ಲ. ಎರಡನೆಯ ಮಳೆಗಾಲದಲ್ಲಿ ಊಟ ಬಿಟ್ಟಿತು, ಒಸಡು ಬಿಳಿಚಿತು. ಅಜೀರ್ಣವಿರಬೇಕೆಂದು ಕಷಾಯ ಹಾಕುತ್ತ ನಾಲ್ಕು ದಿನ ಕಳೆದೆವು. ಡಾಕ್ಟರು ಬಂದು ಕೂದಲು ಸರಿಸಿ ತೋರಿಸಿದಾಗ ಬುಡದಲ್ಲೆಲ್ಲ ಉಣ್ಣೆ. ಉಣ್ಣೆಯಿಂದ ಬರುವ ಜ್ವರ ರಕ್ತವನ್ನೇ ಕೆಡಿಸುತ್ತದೆ. ಮೊದಲ ದಿನವೇ ಕರೆಸಿದ್ದರೆ ಬದುಕುತ್ತಿತ್ತೇನೋ. ಮಕ್ಕಳು ಒಂದು ವಾರ ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ.

ಆದಕಾರಣ ನಾಯಿಯ ಜಾತಿ ಕೇಳುವ ಮೊದಲು ಮನೆಯ ದಿನಚರಿ ನೋಡಿಕೊಳ್ಳಬೇಕು. ನಾಯಿಗೆಂದು ದಿನಕ್ಕೆ ಒಂದು ಗಂಟೆ ಕೊಡುವವರು ಮನೆಯಲ್ಲಿ ಯಾರಿದ್ದಾರೆ? ಕೊಯ್ಲಿನ ಕಾಲದಲ್ಲಿ ಹೊಸ ಆಳುಗಳು ಬಂದು ಹೋಗುತ್ತಿರುವಾಗ ಕಂಡವರ ಮೇಲೆಲ್ಲ ಎರಗುವ ಡಾಬರ್‌ಮನ್ ನಾಯಿಯನ್ನು ಹಿಡಿಯುವವರಾರು? ಲ್ಯಾಬ್ರಡಾರ್ ಮಕ್ಕಳೊಂದಿಗೆ ಬಲು ಸೌಮ್ಯ, ಆದರೆ ಕಳ್ಳನೊಡನೆಯೂ ಸೌಮ್ಯವೇ, ತಿಂಡಿಪೋತ ಬೇರೆ. ಪಮೇರಿಯನ್ ಬೊಗಳುವುದರಲ್ಲಿ ನಿಸ್ಸೀಮ. ಅದರ ಕೂದಲಿನಲ್ಲಿ ಉಣ್ಣೆ ಹುಡುಕುವ ತಾಳ್ಮೆಯುಳ್ಳವರಿದ್ದರೆ ಸಾಕಬಹುದು. ನಮ್ಮ ಅಭಿಪ್ರಾಯ ಕೇಳಿದರೆ, ಊರಿನಲ್ಲೇ ಹುಟ್ಟಿ ಎರಡು ಮಳೆಗಾಲ ಕಂಡ ತಾಯಿಯ ಮರಿಯೇ ಸಣ್ಣ ತೋಟಗಾರನಿಗೆ ಅನುಕೂಲ. ತಾಯಿ ಮಕ್ಕಳ ಹತ್ತಿರ ಹೇಗಿದೆ ಎಂದು ಕಣ್ಣಾರೆ ನೋಡಿ, ಎರಡು ತಿಂಗಳಾದ ಮೇಲೆ ಮರಿಯನ್ನು ಬಿಡಿಸಿಕೊಳ್ಳಿ.

ಯಾವ ಜಾತಿಯಾದರೂ ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ, ಆಮೇಲೆ ಡಾಕ್ಟರು ಹೇಳಿದಂತೆ ಪ್ರತಿವರ್ಷ ತಪ್ಪದೆ ಹಾಕಿಸತಕ್ಕದ್ದು. ಯಾರಿಗಾದರೂ ನಾಯಿ ಕಚ್ಚಿದರೆ ಅರಿಶಿನ, ಸುಣ್ಣ ಮೆತ್ತದೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ರೋಗ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿಯಿಲ್ಲ.

ತೋಟದಲ್ಲಿ ಇನ್ನೂ ಕೆಲವು ಅಪಾಯಗಳಿವೆ. ಬೋರ್ಡೋ ದ್ರಾವಣದ ಡ್ರಮ್ಮು, ಇಲಿ ಪಾಷಾಣ ಮುಚ್ಚಿಡಿ. ಕಾಫಿ ಹಣ್ಣು, ಬೀಜ ನಾಯಿಗೆ ವಿಷವೇ. ಅಡಿಕೆಯ ಕತೆ ಸ್ವಾರಸ್ಯವಾಗಿದೆ: ಅದರಲ್ಲಿರುವ ಅರಿಕೋಲಿನ್ ಎಂಬ ಸತ್ವವನ್ನು ಹಿಂದೆ ನ್ಯೂಜಿಲೆಂಡಿನಂಥ ದೂರದ ದೇಶದಲ್ಲೂ ನಾಯಿಯ ಹೊಟ್ಟೆಯ ಲಾಡಿಹುಳು ಬೀಳಿಸಲು ಕೊಡುತ್ತಿದ್ದರು. ನಮ್ಮ ಬೆಳೆಯ ಹೆಮ್ಮೆಯಿಂದ ಯಾರೂ ಮನೆಯಲ್ಲಿ ಪ್ರಯೋಗಿಸಬೇಡಿ. ಪ್ರಮಾಣ ತುಸು ತಪ್ಪಿದರೂ ಜೊಲ್ಲು ಸುರಿಸಿ, ವಾಂತಿಯಾಗಿ ನಾಯಿ ಸಾಯಬಹುದು. ಈಗ ಅದಕ್ಕಿಂತ ಸುರಕ್ಷಿತವಾದ ಮಾತ್ರೆಗಳಿವೆ.

ಚೊಳಚಗುಡ್ಡದಿಂದ ನಮ್ಮ ಮಿತ್ರರು ಒಂದು ಜೊತೆ ಬಾಗಿಲು ಮಾತ್ರ ತಂದರು. ಮಾರ್ಚಿಯಲ್ಲಿ ಅವರ ಆಳಿನ ಮನೆಯ ಕಂದು ನಾಯಿ ಈಯ್ದಾಗ ಒಂದು ಹೆಣ್ಣು ಮರಿಯನ್ನು ಮಕ್ಕಳೇ ಆರಿಸಿದರು. ಅದು ಮೊದಲ ಮಳೆಗಾಲ ದಾಟಿದೆ, ಕಣದ ಬಳಿ ಹೆಜ್ಜೆ ಸಪ್ಪಳವಾದರೆ ಮನೆಯವರನ್ನೆಲ್ಲ ಎಬ್ಬಿಸುತ್ತದೆ. ಚಿರತೆಯ ಭಯ ಹೋಗಿಲ್ಲವಾದ್ದರಿಂದ ಕತ್ತಲಾದೊಡನೆ ಅದನ್ನು ಒಳಗೆ ಕರೆದು, ಬನಶಂಕರಿ ಜಾತ್ರೆಯ ಆ ಬಾಗಿಲಿಗೆ ಅಗುಳಿ ಹಾಕುತ್ತಾರೆ.