ಮನೆಯಲ್ಲೇ ಕತ್ತಿ ಮಾಡ್ತೀರಾ? ಫೈಲ್ ಗೈಡ್ ಕೊಳ್ಳೋ ಮುಂಚೆ ಇದನ್ನೋದಿ

ಹೋದ ವರ್ಷ ಅಡಿಕೆ ಕೊಯ್ಲು ಮುಗಿದ ಮೇಲೆ ನಾನು ಮೊದಲ ಸಲ ಸ್ವಂತ ಕತ್ತಿ ಮಾಡಿದೆ. ಮೊಬೈಲಿನಲ್ಲಿ ವಿಡಿಯೊ ನೋಡಿ, ಲಾರಿಯ ಹಳೇ ಲೀಫ್ ಸ್ಪ್ರಿಂಗ್ ತುಂಡು ತಂದು, ಒಂದೂವರೆ ತಿಂಗಳು ರಾತ್ರಿ ಹೊತ್ತು ಕೂತು ಉಜ್ಜಿದ್ದು. ಹಿಡಿಗೆ ಹಲಸಿನ ಮರ, ಮುಂದೆ ಹಿತ್ತಾಳೆ ಬಳೆ. ನೋಡೋಕೆ ಚೆನ್ನಾಗೇ ಇತ್ತು. ಫೋಟೊ ಹಾಕಿ ವಾಟ್ಸಾಪಿನಲ್ಲಿ ಹೊಗಳಿಸಿಕೊಂಡೂ ಆಯ್ತು.

ಎಂಟನೇ ದಿನ ನನ್ನ ತಮ್ಮ ಅದರಲ್ಲಿ ತೆಂಗಿನ ಮಟ್ಟೆ ಸೀಳ್ತಾ ಇದ್ದ. ಟಕ್ ಅಂತ ಒಂದು ಸದ್ದು. ಹಿಡಿ ಅವನ ಕೈಯಲ್ಲೇ ಇತ್ತು, ಅಲಗು ಇರಲಿಲ್ಲ. ಅದು ಅವನ ಮೊಣಕಾಲು ಸವರಿಕೊಂಡು ಹೋಗಿ ಹಿಂದಿನ ಗೊಬ್ಬರದ ಗುಂಡಿಗೆ ಬಿದ್ದಿತ್ತು. ಪಂಚೆ ಹರಿದಿತ್ತು, ಚರ್ಮ ಗೀರಿತ್ತು, ಅಷ್ಟೇ. ಅವನು ಏನೂ ಅನ್ನಲಿಲ್ಲ. ಆದ್ರೆ ಆಮೇಲೆ ನಾನು ಮಾಡಿದ ಯಾವ ಕತ್ತಿಯನ್ನೂ ಮುಟ್ಟಲಿಲ್ಲ.

ಮುರಿದ ತುಂಡುಗಳನ್ನ ತಗೊಂಡು ಪಕ್ಕದೂರಿನ ಕುಲುಮೆಗೆ ಹೋದೆ. ಆಚಾರ್ರು ಕನ್ನಡಕ ಏರಿಸಿ ತಿರುಗಿಸಿ ತಿರುಗಿಸಿ ನೋಡಿದ್ರು. "ಉಕ್ಕಿನ ತಪ್ಪಲ್ಲ ಮಾರಾಯ, ನಿನ್ನ ಅರದ ತಪ್ಪು" ಅಂದ್ರು. ಅರ ಅಂದ್ರೆ ಅಂಗಡಿಯವರು ಹೇಳೋ ಫೈಲು.

ಅಲಗು ಮುಗಿದು, ಹಿಡಿಯೊಳಗೆ ಹೋಗೋ ಸಣ್ಣ ಬಾಲ ಶುರುವಾಗೋ ಜಾಗ ಇದೆಯಲ್ಲ, ಅದನ್ನ ಹೆಗಲು ಅಂತಿಟ್ಟುಕೊಳ್ಳಿ. ಬಳೆ ಬಂದು ಕೂರೋದು ಈ ಹೆಗಲ ಮೇಲೆ. ನಾನು ಕಣ್ಣಂದಾಜಲ್ಲಿ ಉಜ್ಜಿದ್ದರಿಂದ ಒಂದು ಕಡೆ ಹೆಗಲು ಉಗುರಿನ ದಪ್ಪದಷ್ಟು ಕೆಳಗಿತ್ತು. ಹಾಗಾಗಿ ಬಳೆ ಅಲ್ಲಾಡ್ತಾ ಇತ್ತು, ಹೊಡೆದ ಪ್ರತಿ ಏಟೂ ಒಂದೇ ಮೂಲೆಗೆ ಬೀಳ್ತಿತ್ತು. ಆ ಮೂಲೆಯನ್ನೂ ನಾನು ಪೆಟ್ಟಿಗೆಯ ಮೂಲೆ ಥರ ಚೂಪಾಗಿ ಕೊರೆದಿದ್ದೆ. ಚೂಪು ಮೂಲೆಯಿಂದಲೇ ಬಿರುಕು ಹುಟ್ಟೋದು. ಮುರಿದ ಮುಖದಲ್ಲಿ ಅರ್ಧ ಭಾಗ ಕಪ್ಪಾಗಿತ್ತು, ಅಂದ್ರೆ ಅದು ಎಷ್ಟೋ ದಿನದಿಂದ ಬಿಡ್ತಾ ಬಂದಿತ್ತು.

ಎರಡೂ ಕಡೆ ಹೆಗಲು ಒಂದೇ ಮಟ್ಟಕ್ಕೆ ಬರಬೇಕು ಅಂದ್ರೆ ಫೈಲ್ ಗೈಡ್ ಬೇಕು. ದೊಡ್ಡ ವಸ್ತು ಏನಲ್ಲ. ಗಟ್ಟಿ ಉಕ್ಕಿನ ಎರಡು ಪಟ್ಟಿ, ಅವನ್ನ ಬಿಗಿಯೋಕೆ ಎರಡು ಬೋಲ್ಟು, ಜೋಡಿ ಜರುಗದ ಹಾಗೆ ಎರಡು ಪಿನ್ನು. ಅಲಗನ್ನ ಮಧ್ಯೆ ಸಿಕ್ಕಿಸಿ, ಹೆಗಲು ಎಲ್ಲಿ ಬರಬೇಕೋ ಆ ಗೆರೆಗೆ ಸರಿಯಾಗಿ ಬಿಗಿದು, ಇಡೀ ಜೋಡಿಯನ್ನ ವೈಸಿಗೆ ಹಾಕಬೇಕು. ಮೇಲೆ ಉಳಿದ ಲೋಹವನ್ನ ಅರ ತಿಂತಾ ಬರುತ್ತೆ, ಗೈಡಿನ ಮುಖ ಮುಟ್ಟಿದ ಕೂಡ್ಲೇ ಜಾರುತ್ತೆ. ಅಲ್ಲಿಂದ ಕೆಳಗೆ ಇಳಿಯೋದೇ ಇಲ್ಲ.

ಇಲ್ಲೇ ಎಲ್ಲಾ ಇರೋದು. ಅರ ಜಾರಬೇಕು ಅಂದ್ರೆ ಗೈಡು ಅದಕ್ಕೆ ಸಮಸಮ ಗಟ್ಟಿ ಇರಬೇಕು. ಒಳ್ಳೆ ಅರದ ಗಡಸುತನ ರಾಕ್‌ವೆಲ್ ಲೆಕ್ಕದಲ್ಲಿ 65ರ ಆಸುಪಾಸು. ಸಾದಾ ಕಬ್ಬಿಣದ ಗೈಡಾದ್ರೆ ಅರ ಅದನ್ನೂ ತಿಂದು ಕೆಳಗೆ ಹೋಗುತ್ತೆ, ನಿಮಗೆ ಗೊತ್ತೂ ಆಗಲ್ಲ. ಅದಕ್ಕೇ ಕೊಳ್ಳೋ ಮುಂಚೆ ಜೇಬಲ್ಲಿ ಒಂದು ಹಳೇ ಅರ ಇಟ್ಕೊಂಡು ಹೋಗಿ. ಅಂಗಡಿಯವರನ್ನ ಕೇಳಿ, ಗೈಡಿನ ಅಂಚಿನ ಹತ್ರ ಮೆತ್ತಗೆ ಒಂದು ಸಲ ಎಳೀರಿ. ಗಾಜಿನ ಮೇಲೆ ಎಳೆದ ಹಾಗೆ ಜಾರಿದ್ರೆ ಸರಿ. ಕಚ್ಚಿದ್ರೆ ವಾಪಸ್ ಕೊಟ್ಟುಬಿಡಿ. ಆನ್‌ಲೈನಲ್ಲಿ ತರಿಸಿದ್ರೂ ಬಂದ ದಿನವೇ ಇದನ್ನ ಮಾಡಿ.

ಇನ್ನೊಂದು ಪರೀಕ್ಷೆ, ನನ್ನ ಪ್ರಕಾರ ಇದೇ ದೊಡ್ಡದು. ಗೈಡನ್ನ ಪೂರ್ತಿ ಬಿಗಿದು, ಮೇಲಿನ ಎರಡು ಮುಖಗಳ ಮೇಲೆ ಹೆಬ್ಬೆರಳ ಉಗುರು ಅಡ್ಡ ಎಳೀರಿ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಉಗುರು ಎಲ್ಲೂ ತಡೀಬಾರದು. ತಡೀತು ಅಂದ್ರೆ ಒಂದು ಪಟ್ಟಿ ಮೇಲಿದೆ, ನಿಮ್ಮ ಹೆಗಲೂ ಹಾಗೇ ಆಗುತ್ತೆ. ಆಮೇಲೆ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಸಂದಿ ನೋಡಿ, ಬೆಳಕು ನುಸುಳಬಾರದು. ಬೋಲ್ಟ್ ಅರ್ಧ ಸಡಿಲಿಸಿ ಅಲ್ಲಾಡಿಸಿ, ಪಿನ್ನಿನಲ್ಲಿ ಗಡಗಡ ಅನ್ನೋ ಆಟ ಇರಬಾರದು. ಪಿನ್ನೇ ಇಲ್ಲದೆ ಬರೀ ಬೋಲ್ಟ್ ಇರೋ ಗೈಡನ್ನ ಪುಕ್ಕಟೆ ಕೊಟ್ರೂ ತಗೋಬೇಡಿ.

ಅಗಲ ಮರೀಬೇಡಿ. ಎರಡು ಪಿನ್ನುಗಳ ಮಧ್ಯೆ ಅಲಗು ಹಿಡಿಸಬೇಕು. ವಿಡಿಯೊದಲ್ಲಿ ಕಾಣೋ ಎಷ್ಟೋ ಗೈಡುಗಳು ಅಡುಗೆ ಚಾಕು, ಬೇಟೆ ಚಾಕುಗಳ ಲೆಕ್ಕದವು. ನಮ್ಮ ಮಚ್ಚಿನ ಅಗಲ ಅದರೊಳಗೆ ಕೂರಲ್ಲ. ಅಳೆದು ತಗೊಳ್ಳಿ.

ಕಾರ್ಬೈಡ್ ಮುಖದ್ದು ಬೇಕಾ, ಬರೀ ಗಡಸು ಉಕ್ಕಿಂದು ಸಾಕಾ ಅಂತ ತುಂಬಾ ಜನ ಕೇಳ್ತಾರೆ. ಕಾರ್ಬೈಡು ಅರಕ್ಕಿಂತಲೂ ಗಟ್ಟಿ, ಸವೆಯೋದಿಲ್ಲ ಅಂತಲೇ ಹೇಳಬಹುದು. ಆದ್ರೆ ಬೆಲೆ ಜಾಸ್ತಿ, ಕೆಳಗೆ ಬಿದ್ರೆ ಚಕ್ಕೆ ಏಳುತ್ತೆ. ಜೊತೆಗೆ ಅದರ ಮೇಲೆ ಒತ್ತಿ ಉಜ್ಜಿದ್ರೆ ನಿಮ್ಮ ಅರದ ಹಲ್ಲೇ ಹೋಗುತ್ತೆ. ತಿಂಗಳಿಗೆ ನಾಲ್ಕಾರು ಕತ್ತಿ ಮಾಡಿ ಮಾರೋರು ತಗೊಳ್ಳಲಿ. ವರ್ಷಕ್ಕೆ ಎರಡು ಮಾಡೋ ನಮಗೆ ಉಕ್ಕಿನದೇ ಸಾಕು.

ನಾನಂತೂ ಕೊಳ್ಳಲೇ ಇಲ್ಲ. ಲೇಥ್ ಅಂಗಡಿಯಲ್ಲಿ ಓಎಚ್‌ಎನ್‌ಎಸ್ ಅಂತ ಕೇಳಿ, ಎಣ್ಣೆಯಲ್ಲಿ ಅದ್ದಿ ಗಡಸು ಮಾಡೋ ಟೂಲ್ ಉಕ್ಕು ಅದು. ಎರಡು ತುಂಡು ತಂದೆ. ಎರಡನ್ನೂ ಒಟ್ಟಿಗೆ ಹಿಡಿದೇ ತೂತು ಹಾಕಿಸಿದೆ, ಆಮೇಲೆ ಆಚಾರ್ರ ಕುಲುಮೆಯಲ್ಲಿ ಕಾಯಿಸಿ ಎಣ್ಣೆಗೆ ಅದ್ದಿ ಹದ ಮಾಡಿಸಿದೆ. ಎಣ್ಣೆಯಲ್ಲಿ ಅದ್ದಿದಾಗ ಚೂರು ಸೊಟ್ಟಗಾಗೇ ಆಗುತ್ತೆ, ಅದಕ್ಕೆ ಕೊನೆಗೆ ಗ್ರೈಂಡಿಂಗ್ ಮೆಷಿನ್ನಿನಲ್ಲಿ ಎರಡನ್ನೂ ಜೋಡಿಸಿಟ್ಟು ಮುಖ ಮಟ್ಟ ಮಾಡಿಸಬೇಕು. ಈ ಕೊನೇ ಕೆಲಸಕ್ಕೆ ಜಿಪುಣತನ ಮಾಡಿದ್ರೆ ಉಳಿದದ್ದೆಲ್ಲ ದಂಡ.

ಬಳಸುವಾಗ ಮೂರ್ನಾಲ್ಕು ಮಾತು. ಗೈಡಿನ ಕೆಲಸ ಎಲ್ಲಾ ಅಲಗು ಮೆತ್ತಗಿದ್ದಾಗಲೇ ಆಗಬೇಕು. ಅಯಸ್ಕಾಂತ ಹಿಡಿಯದಷ್ಟು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ಬೆಳಗಿನವರೆಗೆ ಬಿಟ್ರೆ ಲೀಫ್ ಸ್ಪ್ರಿಂಗು ಅರಕ್ಕೆ ಬಗ್ಗುತ್ತೆ. ಹರಿತದ ಇಳಿಜಾರು ತೆಗೆಯೋ ಮುಂಚೆಯೇ ಹೆಗಲು ಮಾಡಿ. ಇಳಿಜಾರಾದ ಅಲಗನ್ನ ಗೈಡು ಸರಿಯಾಗಿ ಕಚ್ಚಲ್ಲ. ಬಿಗಿಯುವಾಗ ಬೆನ್ನಿಗೆ ಮರಗೆಲಸದವರ ಮೂಲೆಮಟ್ಟ ಇಟ್ಟು ನೋಡಿ. ಅರವನ್ನ ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಿ, ವಾಪಸ್ ಬರುವಾಗ ಎತ್ತಿ. ಹಲ್ಲಿಲ್ಲದ ಅಂಚು ಇರೋ ಅರ ಸಿಕ್ರೆ ಆ ಅಂಚನ್ನ ಬಾಲದ ಕಡೆ ಇಡಿ.

ಇನ್ನು ಆ ಮೂಲೆ. ಗೈಡು ಹೆಗಲನ್ನ ನೇರ ಮಾಡುತ್ತೆ, ಮೂಲೆಯನ್ನೂ ಚೂಪು ಮಾಡಿಸಿಬಿಡುತ್ತೆ, ಅದೇ ಅಪಾಯ. ಚೈನ್‌ಸಾ ಮಸೆಯೋ ದುಂಡು ಅರ ಮನೇಲಿ ಇದ್ದೇ ಇರುತ್ತಲ್ಲ, 4 ಅಥವಾ 4.8 ಮಿ.ಮೀ.ನದು, ಮೂಲೆಯನ್ನ ಅದರಲ್ಲಿ ಮಾಡಿ. ಬಾಲ ಶುರುವಾಗೋ ಕಡೆ ಸಣ್ಣ ಗುಂಡು ತಿರುವು ಉಳೀಬೇಕು. ಆ ತಿರುವಿಗೆ ಜಾಗ ಬೇಕಾಗಿ ಬಳೆಯ ತೂತಿನ ಅಂಚನ್ನೂ ಒಂಚೂರು ಇಳಿಸಬೇಕು, ಇಲ್ಲಾಂದ್ರೆ ಬಳೆ ಹೆಗಲಿಗೆ ಕೂರದೆ ಮತ್ತೆ ಅಲ್ಲಾಡುತ್ತೆ. ಗಡಸು ಮಾಡುವಾಗ ಬಾಲವನ್ನ ಎಣ್ಣೆಗೆ ಅದ್ದಬೇಡಿ, ಅದು ಮೆತ್ತಗೇ ಇರಲಿ ಅಂತಾರೆ ಆಚಾರ್ರು.

ಎರಡನೇ ಕತ್ತಿ ನನಗೇ ಸರಿ ಕಾಣದೆ ಬಿಸಾಡಿದೆ. ಮೂರನೆಯದಕ್ಕೆ ಬಳೆ ಹಾಕಿ ಬೆಳಕಿಗೆ ಹಿಡಿದೆ, ಸಂದಿಯಲ್ಲಿ ಕೂದಲೂ ತೂರಲಿಲ್ಲ. ಯಾರೂ ಹತ್ರ ಇಲ್ಲದ ಹೊತ್ತು ನೋಡಿ ಒಣ ಕೊರಡಿಗೆ ನಾನೇ ಐವತ್ತು ಏಟು ಹೊಡೆದೆ. ಆಮೇಲೆ ತಂದು ಜಗುಲಿ ಮೇಲೆ ಇಟ್ಟೆ, ತಮ್ಮನಿಗೆ ಏನೂ ಹೇಳಲಿಲ್ಲ. ನಾಲ್ಕು ದಿನ ಅದು ಅಲ್ಲೇ ಇತ್ತು. ಮೊನ್ನೆ ಬಾಳೆಗೊನೆ ಕಡಿಯೋಕೆ ಹೊರಟವನು ನಿಂತು, ಬಳೆಯ ಸುತ್ತ ಉಗುರಾಡಿಸಿ ನೋಡಿದ. "ಅಣ್ಣ, ಇದು ಗೈಡಲ್ಲಿ ಮಾಡಿದ್ದಾ?" ಅಂದ. ಹೂಂ ಅಂದೆ. ತಗೊಂಡು ತೋಟಕ್ಕೆ ಇಳಿದ.