ನಿಸರ್ಗರಕ್ಷಣೆಗಾಗಿ ಜನಪ್ರತಿನಿಧಿಗಳಿಗೆ ಮನವಿ ಸಲ್ಲಿಸುವ ಬಗೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವು ಒಂದು ಓಲೆಯ ರೂಪದಲ್ಲಿದೆ. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳ ಕುಶಲವನ್ನು ವಿಚಾರಿಸಿ, ಪ್ರಾಣಿದಯೆ ದೃಢವಾಗಿರಬೇಕೆಂಬ ರಾಜಾಜ್ಞೆಯನ್ನು ಅದರಲ್ಲಿ ತಿಳಿಸಿದ್ದಾರೆ. ಅಂದು ಬರೆಯುವ ಅಧಿಕಾರ ಪ್ರಭುವಿನದಾಗಿತ್ತು. ಇಂದು ಪ್ರಜೆಯೇ ಪ್ರಭು. ನೆಲಜಲಗಳ ಹಾಗೂ ಮೂಕಪ್ರಾಣಿಗಳ ಪರವಾಗಿ ತಾನು ಆರಿಸಿದ ಪ್ರತಿನಿಧಿಗೆ ಬರೆಯುವುದು ಅವನ ಹಕ್ಕೂ ಹೌದು, ಕರ್ತವ್ಯವೂ ಹೌದು.

ಇಂಥ ಮನವಿಗೆ ಕಾಲವೇ ಜೀವಾಳವೆಂಬುದಕ್ಕೆ ಚಳ್ಳಕೆರೆಯ ಅಮೃತಮಹಲ್ ಕಾವಲುಗಳು ನಿದರ್ಶನ. ಮೈಸೂರು ಅರಸರ ಕಾಲದಿಂದ ರಾಸುಗಳ ಮೇವಿಗೆಂದು ಮೀಸಲಾದ ಈ ಹುಲ್ಲುಗಾವಲುಗಳು ಕುರಿಗಾಹಿಗಳಿಗೂ ಕಂಬಳಿ ನೇಕಾರರಿಗೂ ಆಶ್ರಯ, ಕೃಷ್ಣಮೃಗಗಳಿಗೆ ನೆಲೆ. ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆ ಭೂಮಿಯು 2008ರ ನಂತರದ ಕೆಲವೇ ವರ್ಷಗಳಲ್ಲಿ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ಸಂಸ್ಥೆಗಳಿಗೆ ಹಂಚಿಕೆಯಾಯಿತು. ವಿವಾದವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯನ್ನು ಮುಟ್ಟಿದ್ದು 2013ರಲ್ಲಿ. ಅಷ್ಟರೊಳಗೆ ಗೋಡೆಗಳು ಎದ್ದಿದ್ದವು. ಕಡತವು ಕಛೇರಿಯಲ್ಲಿರುವಾಗ ಒಂದು ಮನವಿಗೆ ಇರುವ ಬೆಲೆ, ಗೋಡೆ ಎದ್ದ ಮೇಲೆ ನೂರು ಮನವಿಗಳಿಗೂ ಇರದು.

ಮೊದಲು, ವಿಷಯವು ಯಾರ ಅಧೀನವೆಂದು ಅರಿಯಬೇಕು. ಕೆರೆ, ಗೋಮಾಳಗಳ ಪ್ರಶ್ನೆ ಗ್ರಾಮಸಭೆಯಲ್ಲಿಯೇ ಆರಂಭವಾಗಲಿ. ಸಭೆಯ ನಿರ್ಣಯದ ನಕಲು ಮುಂದಿನ ಮನವಿಗೆ ಬಲ ಕೊಡುತ್ತದೆ. ಕಂದಾಯ ಭೂಮಿ, ಪಶುಸಂಗೋಪನೆಗಳು ರಾಜ್ಯದ ವಿಷಯಗಳು. ಇವುಗಳನ್ನು ಶಾಸಕರು ಸದನದಲ್ಲಿ ಪ್ರಶ್ನಿಸಬಲ್ಲರು. ರಕ್ಷಣೆ, ಅಣುಶಕ್ತಿಗಳು ಕೇಂದ್ರದ ವಿಷಯಗಳಾದುದರಿಂದ ಚಿತ್ರದುರ್ಗದ ಸಂಸದರಿಗೆ ಬರೆಯಬೇಕು. ಕ್ಷೇತ್ರದ ಗಡಿಯನ್ನೂ ತಿಳಿದಿರಬೇಕು. ನಾಯಕನಹಟ್ಟಿಯು ಚಳ್ಳಕೆರೆ ತಾಲ್ಲೂಕಿಗೆ ಸೇರಿದ್ದರೂ ಮೊಳಕಾಲ್ಮೂರು ವಿಧಾನಸಭಾ ಕ್ಷೇತ್ರದಲ್ಲಿದೆ.

ಮನವಿಯು ಒಂದೇ ಪುಟದಲ್ಲಿರಲಿ. ಒಂದೇ ವಿಷಯವನ್ನು ಹೇಳಲಿ. ಗ್ರಾಮ, ಸರ್ವೆ ನಂಬರು, ವಿಸ್ತೀರ್ಣ, ಅಲ್ಲಿ ಮೇಯುವ ದನಕುರಿಗಳ ಸಂಖ್ಯೆ ಇವು ದೀರ್ಘ ವರ್ಣನೆಗಿಂತ ಹೆಚ್ಚು ಪರಿಣಾಮಕಾರಿ. "ಸೂಕ್ತ ಕ್ರಮ ಕೈಗೊಳ್ಳಿ" ಎಂದು ಮುಗಿಸದೆ, ಸದನದಲ್ಲಿ ಪ್ರಶ್ನೆ ಕೇಳಬೇಕೇ, ಜಿಲ್ಲಾಧಿಕಾರಿಗಳಿಗೆ ಪತ್ರ ಬರೆಯಬೇಕೇ, ಸ್ಥಳಕ್ಕೆ ಬರಬೇಕೇ ಎಂಬುದನ್ನು ಸ್ಪಷ್ಟವಾಗಿ ಕೋರಬೇಕು. ಪ್ರಶ್ನೆಗೆ ಮುಂಚಿತವಾಗಿ ಸೂಚನೆ ಕೊಡಬೇಕಾದುದರಿಂದ ಅಧಿವೇಶನಕ್ಕೆ ಸಾಕಷ್ಟು ಮೊದಲೇ ಮನವಿ ತಲುಪಬೇಕು. ಸ್ವೀಕೃತಿ ಪಡೆದು ನಕಲನ್ನು ಕಾಪಾಡಿರಿ. ಕಡತದ ಸ್ಥಿತಿ ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಸಂಬಂಧಿಸಿದ ಕಛೇರಿಗೆ ಅರ್ಜಿ ಕೊಡಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ದೊರೆಯಬೇಕು.

ಕಟುನುಡಿ ಬೇಡ, ಸ್ತುತಿಯೂ ಬೇಡ. ಪ್ರತಿನಿಧಿಯು ಯಾವ ಪಕ್ಷದವನಾದರೂ ಇಡೀ ಕ್ಷೇತ್ರಕ್ಕೆ ಉತ್ತರವಾದಿ. ವಿದ್ಯಾರ್ಥಿಗಳು ತಮ್ಮ ಊರಿನ ಗೋಮಾಳ, ಕೆರೆ, ಕಾವಲುಗಳ ಸರ್ವೆ ನಂಬರುಗಳನ್ನು ಇಂದೇ ಬರೆದಿಟ್ಟುಕೊಳ್ಳಲಿ. ಮುಂದೆ ಬರೆಯಬೇಕಾದ ಮನವಿಯ ಮೊದಲ ಸಾಲು ಅದೇ ಆಗುತ್ತದೆ.